ಹನ್ನೊಂದು ಪುಟಗಳ ಪಾಲುಪಾರಿಕತ್ತು

ರಾಮನಗರದ ಬಸ್ ಸ್ಟ್ಯಾಂಡ್ ಹಿಂದೆ ನಾನು ವೆಬ್‌ಸೈಟ್ ಮಾಡಿಕೊಡುವ ಅಂಗಡಿ ಇಟ್ಟುಕೊಂಡಿದ್ದಾಗ ವಾರಕ್ಕೊಂದು ಫಜೀತಿ ಗ್ಯಾರಂಟಿ. ಮೂಲ ನನ್ನ ಸೋಮಾರಿತನವೇ. ಎಲ್ಲ ಪುಟಗಳಲ್ಲೂ ಕಾಣಬೇಕಾದ್ದನ್ನು ಬೇರೆ ಫೈಲಿನಲ್ಲಿ ಒಂದೇ ಸಲ ಬರೆದಿಟ್ಟು, ಪ್ರತಿ ಪುಟಕ್ಕೂ ಅಲ್ಲಿಂದಲೇ ಎಳೆದುಕೊಳ್ಳುತ್ತಿದ್ದೆ. ಪುಟದ ಮೇಲಿನ ತಲೆಪಟ್ಟಿಗೊಂದು ಫೈಲು, ಕೆಳಗಿನ ಬುಡದ ಪಟ್ಟಿಗೊಂದು. ಒಂದು ಕಡೆ ತಿದ್ದಿದರೆ ಸೈಟಿಗೆ ಸೈಟೇ ಬದಲು. ಚನ್ನಪಟ್ಟಣದ ಗೊಂಬೆ ಕಾರ್ಖಾನೆಯ ಅಣ್ಣತಮ್ಮಂದಿರು ನನ್ನ ಕೈಗೆ ಸಿಕ್ಕಿದ್ದು ಆಗ. ಅಥವಾ ನಾನೇ ಅವರ ಕೈಗೆ ಸಿಕ್ಕಿದ್ದು.

೧. ಅಪ್ಪನ ಫೋಟೊ

ಅಣ್ಣ ತೀರಿಕೊಂಡ ಅಪ್ಪನ ಫೋಟೊ ತಂದು, “ಸೈಟಿನ ನೆತ್ತಿ ಮ್ಯಾಲೆ ಹಾಕಿ,” ಅಂದ. ತಲೆಪಟ್ಟಿಗೆ ಸೇರಿಸಿದೆ. ಹನ್ನೊಂದು ಪುಟಗಳಲ್ಲೂ ಹಾರ ಹಾಕಿಸಿಕೊಂಡ ಅಪ್ಪ ಪ್ರತ್ಯಕ್ಷ! ‘ನಮ್ಮನ್ನು ಸಂಪರ್ಕಿಸಿ’ ಪುಟ ನೋಡಿ ಅಣ್ಣ ಕೆರಳಿದ.

“ಏನ್ ಸ್ವಾಮಿ, ಅಪ್ಪನ್ ಫೋಟೊ ಕೆಳಗೇ ಫೋನ್ ನಂಬರ್ ಹಾಕಿದ್ದೀರಲ್ಲ! ಆರ್ಡರ್ ಕೊಡೋರು ಅಲ್ಲಿಗಂಟ ಫೋನ್ ಮಾಡ್ಬೇಕಾ?”

೨. ಐದೈದು

ವರ್ಷದೊಳಗೆ ಅಣ್ಣತಮ್ಮ ಬೇರೆಯಾದರು. ಕಾರ್ಖಾನೆಯ ಪಾಲು ಸೋಮವಾರ ರಿಜಿಸ್ಟರ್ ಆಗಬೇಕಿತ್ತು. ಅದಕ್ಕೂ ಮುಂಚೆ ವೆಬ್‌ಸೈಟೂ ಪಾಲಾಗಲಿ ಎಂದು ಹೊಂಗನೂರಿನ ಸೋದರಮಾವನನ್ನು ಕರೆದುಕೊಂಡು ಬಂದರು. ಮಾವ ಕಂಪ್ಯೂಟರ್ ಪರದೆಯನ್ನು ಜಮೀನು ನೋಡಿದ ಹಾಗೆ ನೋಡಿದರು.

“ದೊಡ್ಡೋನ್ಗೆ ಐದು, ಚಿಕ್ಕೋನ್ಗೆ ಐದು. ಈ ಮ್ಯಾಲಿನ ಪಟ್ಟಿ, ಕೆಳಗಿನ ಪಟ್ಟಿ?”

“ಅವು ಎಲ್ಲ ಪುಟಕ್ಕೂ ಒಂದೇ, ಯಜಮಾನ್ರೆ. ಕತ್ತರಿಸಕ್ಕಾಗಲ್ಲ.”

“ಬಾವಿ ಇದ್ದಂಗೆ ಅನ್ನಪ್ಪ. ಜಂಟಿಯಾಗೇ ಇರ್ಲಿ.”

ನಾನು ಆರು ತಿಂಗಳು ಕ್ಲಾಸಿಗೆ ಹೋಗಿ ಕಲಿತದ್ದು ಮಾವನಿಗೆ ಅರ್ಧ ನಿಮಿಷದಲ್ಲಿ ಅರ್ಥವಾಗಿತ್ತು. ನನಗೆ ಹೊಟ್ಟೆ ಉರಿಯಿತು. “ಇನ್ನೊಂದು ಪುಟ ಉಳಿಯುತ್ತಲ್ಲ?” ಅಂದೆ, ಸಿಕ್ಕಿಬೀಳಲಿ ಎಂದು.

“ಅದು ಅವ್ವನ ಜೀವನಾಂಶಕ್ಕೆ!”

೩. ಯಾವುದೇ ಸಂಬಂಧವಿಲ್ಲ

ಶನಿವಾರ ತಮ್ಮ ಒಬ್ಬನೇ ಬಂದ. ಅವನ ಪಾಲಿನ ಒಂದು ಪುಟದಲ್ಲಿ ಅಣ್ಣನ ಫೋಟೊ ಉಳಿದುಬಿಟ್ಟಿತ್ತು. “ತೆಗೀಬ್ಯಾಡಿ. ಪೇಪರ್‌ನಾಗೆ ಹಾಕ್ತಾರಲ್ಲ, ಹಂಗೆ ಈ ಫೋಟೊ ಬುಡದಾಗೆ ಹಾಕಿ,” ಎಂದು ಹೇಳಿ ಬರೆಸಿದ: ‘ಮೇಲ್ಕಂಡ ವ್ಯಕ್ತಿಗೂ ನನಗೂ ಯಾವುದೇ ಸಂಬಂಧವಿಲ್ಲ.’ ಕೆಳಗೆ ಅವನ ಹೆಸರು.

ನನ್ನ ಹಾಳು ಕೈ ಅಭ್ಯಾಸಬಲದಿಂದ ಬುಡದ ಪಟ್ಟಿಯ ಫೈಲಿಗೇ ಹೋಯಿತು. ಹನ್ನೊಂದು ಪುಟಗಳಲ್ಲೂ ಅದೇ ಸಾಲು. ಅವನದೇ ಫೋಟೊದ ಕೆಳಗೂ ಬಂದು, ತನಗೂ ತನಗೂ ಸಂಬಂಧವಿಲ್ಲ ಎಂದು ತಾನೇ ಸಾರಿದ ಹಾಗಾಗಿತ್ತು.

ಭಾನುವಾರ ಇಡೀ ಮನೆಯೇ ಅಂಗಡಿಗೆ ಬಂತು. ಅಣ್ಣನ ಕೈಯಲ್ಲಿ ಮೊದಲ ಪುಟದ ಪ್ರಿಂಟು: ಮೇಲೆ ತಲೆಪಟ್ಟಿಯಲ್ಲಿ ಅಪ್ಪ, ಕೆಳಗೆ ತಮ್ಮನ ಪ್ರಕಟಣೆ.

“ನೋಡವ್ವ, ಅಪ್ಪನ್ಗೂ ತನ್ಗೂ ಸಂಬಂಧ ಇಲ್ಲ ಅಂತ ಅವನೇ ಬರ್ಕೊಟ್ಟವ್ನೆ. ನಾಳೆ ಪಾಲು ಕೇಳಂಗಿಲ್ಲ,” ಅಂದ ಅಣ್ಣ.

ಕಾರ್ಖಾನೆಯೇ ಕೈತಪ್ಪುತ್ತದೆಂದು ತಮ್ಮ ಅಳುವ ಹಾಗಾದ. “ಅದು ಅಣ್ಣನ್ಗೆ ಹಾಕ್ಸಿದ್ದು ಕಣವ್ವ! ಅಪ್ಪನ್ ಕೆಳ್ಗೂ ಬಂದ್ಬುಟ್ಟೈತೆ!”

ಅವ್ವ ಸೆರಗು ಸಿಕ್ಕಿಸಿಕೊಂಡು ಅವನೆದುರು ನಿಂತಳು.

“ಹಂಗಾದ್ರೆ ನಿಮ್ಮಪ್ಪ ಯಾರು ಅಂತಾನೂ ಅಲ್ಲೇ ಬರ್ಸ್‌ಬುಡ್ಲಾ. ನಾನೂ ಒಸಿ ತಿಳ್ಕತೀನಿ!”