ಡಿಡ್ಸ್‌ಬರಿಯ ಬಾಗಿಲು

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್ ಆಗಿದ್ದ ಅಂಬರೀಶ ಅವತ್ತು ರಜೆ ಹಾಕಿದ್ದು ಇಂಗ್ಲೆಂಡಿನ ಒಂದು ಬಾಗಿಲು ಕಾಯುವುದಕ್ಕೆ.

ಅವನ ಅಕ್ಕ ಶಶಿಕಲಾ ಮ್ಯಾಂಚೆಸ್ಟರಿನ ಡಿಡ್ಸ್‌ಬರಿ ಎಂಬ ಬಡಾವಣೆಯಲ್ಲಿ ಒಬ್ಬಳೇ ಇದ್ದಳು. ಆಸ್ಪತ್ರೆಯಲ್ಲಿ ನರ್ಸು. ವೀಸಾಕ್ಕೆ ಕಳಿಸಿದ್ದ ಅವಳ ಪಾಸ್‌ಪೋರ್ಟು ಅವತ್ತು ಕೊರಿಯರಿನಲ್ಲಿ ವಾಪಸು ಬರುವುದಿತ್ತು. ಅದು ಕೈಗೆ ಸಿಗದಿದ್ದರೆ ಶನಿವಾರದ ವಿಮಾನ ತಪ್ಪಿದಂತೆ. ಸೋಮವಾರ ಮಾದನಾಯಕನಹಳ್ಳಿಯ ಮಾಲಾ ಜೊತೆ ಅಂಬರೀಶನ ನಿಶ್ಚಿತಾರ್ಥ. ತಂದೆತಾಯಿ ಇಲ್ಲದ ಅವನಿಗೆ ತಟ್ಟೆ ಹಿಡಿದು ನಿಲ್ಲಲು ಇದ್ದವಳು ಅಕ್ಕನೊಬ್ಬಳೇ.

ವಾರ್ಡಿನಲ್ಲಿ ಫೋನು ಮುಟ್ಟುವಂತಿಲ್ಲವೆಂದು ಅಕ್ಕ ತನ್ನ ಬಾಗಿಲಿನ ಕ್ಯಾಮೆರಾ ಬೆಲ್ಲನ್ನು ತಮ್ಮನ ಫೋನಿಗೂ ಜೋಡಿಸಿದ್ದಳು. ಡಿಡ್ಸ್‌ಬರಿಯಲ್ಲಿ ಯಾರಾದರೂ ಬೆಲ್ ಒತ್ತಿದರೆ ಟಿ. ದಾಸರಹಳ್ಳಿಯಲ್ಲಿ ಅಂಬರೀಶನ ಜೇಬು ಕಿರುಚುತ್ತಿತ್ತು.

"ಕೊರಿಯರ್‌ನೋನು ಬಂದ್ರೆ ಇಷ್ಟೇ ಹೇಳು, ಪ್ಲೀಸ್ ಗಿವ್ ನೆಕ್ಸ್ಟ್ ಡೋರ್. ಪಕ್ಕದ್ಮನೆ ತಾತ ಲೆನರ್ಡ್ ಇಸ್ಕೋತಾರೆ. ಬೇರೆ ಏನೂ ಮಾತಾಡ್ಬೇಡ ಕಣೋ," ಎಂದಿದ್ದಳು ಅಕ್ಕ.

ಆ ಒಂದು ವಾಕ್ಯವನ್ನು ಅಂಬರೀಶ ಎರಡು ದಿನ ಬಾಯಿಪಾಠ ಮಾಡಿದ್ದ.

ಅವನ ಕೋಣೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಹಾಗಾಗಿ ಮನೆ ಓನರ್ ಈಶ್ವರಮ್ಮನ ವರಾಂಡದಲ್ಲಿ ಫೋನು ಒರಗಿಸಿಕೊಂಡು ಕೂತ. ಐದು ನಿಮಿಷಕ್ಕೆ ಈಶ್ವರಮ್ಮ ಹುರುಳಿಕಾಯಿಯ ಮೊರದ ಸಮೇತ ಪಕ್ಕಕ್ಕೆ ಬಂದರು. ಮಹಡಿಯ ಮೇಲಿನ ಬಾಡಿಗೆದಾರ, ನಿವೃತ್ತ ಗುಮಾಸ್ತ ಭಾನುಪ್ರಕಾಶ್, "ಇಂಗ್ಲಿಷ್ ಬೇಕಾದ್ರೆ ನಾನಿದೀನಿ," ಎಂದು ಕುರ್ಚಿ ತಂದರು.

ಫೋನಿನಲ್ಲಿ ಕೆಂಪು ಇಟ್ಟಿಗೆಯ ಮನೆಗಳ ಸಾಲು ಬೇಸಿಗೆ ರಜೆಯ ಶಾಲೆಯ ಹಾಗೆ ಬಿದ್ದಿತ್ತು.

"ಜನ ಎಲ್ಲೋ?" ಎಂದರು ಈಶ್ವರಮ್ಮ.

"ಒಳಗಿರ್ತಾರಮ್ಮ."

"ಯಾಕೆ, ಏನಾಗೈತೆ?"

ಅಂಬರೀಶ ಫೋನನ್ನು ಇನ್ನಷ್ಟು ನೆಟ್ಟಗೆ ಒರಗಿಸಿದ.

ಮೂರೂವರೆಗೆ, ಅಂದರೆ ಅಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ, ಮಳೆಕೋಟು ತೊಟ್ಟ ಮುದುಕರೊಬ್ಬರು ಗೇಟು ತೆಗೆದು ಬಂದು ಶಶಿಕಲಾಳ ಹಸಿರು ಡ್ರಮ್ಮಿಗೆ ಕೈ ಹಾಕಿದರು. ಅಂಬರೀಶ ನೋಡುವಷ್ಟರಲ್ಲಿ ಫೋನು ಈಶ್ವರಮ್ಮನ ಕೈಲಿತ್ತು, ಅವರ ಹೆಬ್ಬೆರಳು ಮಾತಾಡುವ ಗುಂಡಿಯ ಮೇಲಿತ್ತು.

"ಯಾವನ್ಲಾ ಅವ್ನು? ಮಡಗು ಡ್ರಮ್ಮ. ಎಣ್ಮಗಳು ಒಬ್ಳೇ ಅವ್ಳೆ ಅಂತ ಬಂದ್ಯಾ?"

ಭಾನುಪ್ರಕಾಶ್ ಇದನ್ನು ಇಂಗ್ಲಿಷಿಗೆ ತಂದರು. "ಸ್ಟಾಪ್. ಯು ಆರ್ ಅಂಡರ್ ಅರೆಸ್ಟ್."

ಮುದುಕರು ದನಿ ಬಂದ ಗೋಡೆಯನ್ನು ನೋಡಿದರು. ಆಮೇಲೆ ಡ್ರಮ್ಮು ಬಿಟ್ಟು ಸರಸರನೆ ಪಕ್ಕದ ಮನೆಗೆ ಹೋಗಿ ಚಿಲಕ ಹಾಕಿಕೊಂಡರು.

"ಅಲ್ಲಿಗೂ ನುಗ್ಗುದ್ನಾ?" ಎಂದರು ಈಶ್ವರಮ್ಮ.

"ಅದು ಅವ್ರದೇ ಮನೆ ಅಮ್ಮ," ಅಂಬರೀಶನ ದನಿ ಇಳಿದುಹೋಗಿತ್ತು. "ಕಸದ ಡ್ರಮ್ಮು ರಸ್ತೆಗಿಡೋಕೆ ಬಂದಿದ್ರು. ಪಾಸ್‌ಪೋರ್ಟ್ ಇಸ್ಕೋಬೇಕಾದೋರು ಅವ್ರೇ."

ಹತ್ತು ನಿಮಿಷಕ್ಕೆ ಕೊರಿಯರಿನವನು ಬಂದು ಬೆಲ್ ಒತ್ತಿದ. ಅಂಬರೀಶ ತನ್ನ ವಾಕ್ಯವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ಆತ ಪಕ್ಕದ ಮನೆಗೆ ಹೋಗಿ ಮೂರು ಸಲ ಬಾಗಿಲು ಬಡಿದ. ಕಿಟಕಿಯ ಪರದೆ ಅಲುಗಿತು, ಬಾಗಿಲು ಅಲುಗಲಿಲ್ಲ. ವಾಪಸು ಬಂದು ಏನೋ ಹೇಳಿದ.

"ತೆರೀತಿಲ್ವಂತೆ. ವಾಪಸ್ ತಗೊಂಡೋಗ್ತಾನಂತೆ," ಎಂದು ಭಾನುಪ್ರಕಾಶ್ ಕುರ್ಚಿಯನ್ನು ಎರಡಡಿ ಹಿಂದಕ್ಕೆ ಸರಿಸಿಕೊಂಡರು.

"ಪ್ಲೀಸ್ ಗಿವ್ ನೆಕ್ಸ್ಟ್ ಡೋರ್," ಎಂದ ಅಂಬರೀಶ. ಗದರಿ ಹೇಳಿದ, ಬೇಡಿ ಹೇಳಿದ. ಐದನೆಯ ಸಲಕ್ಕೆ 'ಡೋರ್' ಹೊರಬರಲಿಲ್ಲ.

"ಕೊಡಿಲ್ಲಿ," ಎಂದು ಈಶ್ವರಮ್ಮ ಫೋನು ಕಿತ್ತುಕೊಂಡರು. ಹೊಲದ ಆಚೆ ಬದಿಗೆ ಕೂಗಿ ಬೆಳೆದ ದನಿ ಅದು. "ಯಜಮಾನ್ರೇ, ತಪ್ಪಾಯ್ತು. ಕಳ್ಳ ಅನ್ಕಂಡ್ಬುಟ್ವಿ. ನಮ್ಮುಡ್ಗಂಗೆ ನಿಶ್ಚಿತಾರ್ಥ ಐತೆ, ಅವ್ರಕ್ಕ ಬರ್ಬೇಕು. ನಮ್ಮೇಲಿನ ಸಿಟ್ಟ ಆ ಮಗು ಮೇಲೆ ತೀರಿಸ್ಕಬೇಡಿ. ಬಾಗ್ಲು ತೆಗೀರಪ್ಪ. ಊಟ ಆಯ್ತಾ ನಿಮ್ದು? ಒಬ್ರೇ ಇದೀರಾ?"

ಕೊರಿಯರಿನವನು ಹೋಗುವುದನ್ನು ಮರೆತು ಕೇಳುತ್ತ ನಿಂತ. ಪಕ್ಕದ ಮನೆಯ ಬಾಗಿಲು ಒಂದು ಗೇಣು ತೆರೆಯಿತು. ಒಂದು ಕೈ ಬಂದು ಲಕೋಟೆ ತೆಗೆದುಕೊಂಡಿತು. ಬಾಗಿಲು ಮುಚ್ಚಿತು.

ಅಕ್ಕ ಕೆಲಸ ಮುಗಿಸಿ ಫೋನು ಮಾಡಿದಾಗ ಅಂಬರೀಶ ಬೈಸಿಕೊಳ್ಳಲು ಸಿದ್ಧನಾಗಿಯೇ ಇದ್ದ. "ತಾತ ಬೇಜಾರಾದ್ರಾ ಅಕ್ಕ?"

"ಬೇಜಾರಾ? ಪಾಸ್‌ಪೋರ್ಟ್ ಜೊತೆ ಕೇಕೂ ಕೊಟ್ರು ಕಣೋ. ಹೆಂಡ್ತಿ ಹೋಗಿ ಆರು ವರ್ಷ ಆಯ್ತಂತೆ, ಈ ಬೀದೀಲಿ ಇಷ್ಟೊತ್ತು ಯಾರೂ ಮಾತಾಡ್ಸಿರ್ಲಿಲ್ವಂತೆ. ಆ ಹೆಂಗಸು ನಾಳೆ ಎಷ್ಟೊತ್ತಿಗೆ ಸಿಗ್ತಾರೆ ಅಂತ ಕೇಳಿದ್ರು."

"ನೀನೇನಂದೆ?"

"ಯಾವಾಗ ಬೇಕಾದ್ರೂ ಬೆಲ್ ಒತ್ತಿ ಅಂದೆ."

ಲೆನರ್ಡ್ ಶಿಸ್ತಿನ ಮನುಷ್ಯ. ಮರುದಿನದಿಂದ ಅಲ್ಲಿಯ ಹನ್ನೊಂದು ಗಂಟೆಗೆ ಸರಿಯಾಗಿ ಬೆಲ್ ಒತ್ತತೊಡಗಿದರು. ಲೇತಿನ ಮುಂದೆ ನಿಂತ ಅಂಬರೀಶನಿಗೆ ಅವರೊಂದಿಗೆ ಆಡಲು ಇದ್ದದ್ದು ಒಂದೇ ವಾಕ್ಯ. ಮೂರನೆಯ ದಿನ ಈಶ್ವರಮ್ಮ, "ಆ ಲೆನ್ನಪ್ಪನ್ನ ಬಾಗ್ಲಲ್ಲಿ ನಿಲ್ಸಿ ಪಾಪ ಕಟ್ಕೋಬೇಡ, ಫೋನು ಮನೇಲಿಟ್ಟು ಓಗು," ಎಂದರು. ಓನರಮ್ಮನಿಗೆ ಇಲ್ಲವೆನ್ನಲು ಆಗಲಿಲ್ಲ.

ಶಶಿಕಲಾ ಬಂದಳು, ನಿಶ್ಚಿತಾರ್ಥ ಚೆನ್ನಾಗಿಯೇ ಆಯಿತು. ಈಗ ಮಾಲಾ ಊಟದ ಬಿಡುವಿನಲ್ಲೊಮ್ಮೆ, ಮೂರೂವರೆಗೊಮ್ಮೆ ಭಾವೀ ಗಂಡನಿಗೆ ಫೋನು ಮಾಡುತ್ತಾಳೆ. ಎತ್ತುವವರು ಈಶ್ವರಮ್ಮ.

"ಲೆನ್ನಪ್ಪಂಗೆ ಉಪ್ಸಾರು ಏಳ್ಕೊಡ್ತಾ ಇವ್ನಿ. ಆಮೇಲೆ ಮಾಡವ್ವ," ಎಂದು ಇಟ್ಟುಬಿಡುತ್ತಾರೆ.