ಬೇವಿನ ಮರ ಒಂದು, ಮೊಳೆ ಎರಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮೂರ ಬಜಾರ್ ರಸ್ತೆಯ ಹೊಸ ನಕ್ಷೆಯಿಂದ ಅಮರಪ್ಪ ಕಾಕಾನ ಕ್ಷೌರದ ಕುರ್ಚಿ ಹಾರಿಹೋದದ್ದಕ್ಕೆ ಸರ್ಕಾರ ಕಾರಣವಲ್ಲ, ಕಾಲ ಕಾರಣವಲ್ಲ, ನಾನು ಕಾರಣ. ಇದನ್ನು ಕೊನೆಯವರೆಗೆ ಬಚ್ಚಿಟ್ಟು ನಿಮ್ಮಿಂದ 'ಪಾಪ, ಒಳ್ಳೆ ಹುಡುಗ' ಅನ್ನಿಸಿಕೊಳ್ಳುವ ಆಸೆಯೇನೋ ಇತ್ತು. ಆದರೆ ಊರಿಗೆಲ್ಲ ಗೊತ್ತಿರುವುದನ್ನು ನಿಮ್ಮೊಬ್ಬರಿಂದ ಮುಚ್ಚಿಟ್ಟು ಏನು ಮಾಡಲಿ? ಊರು ಯಾವುದೆಂದು ಕೇಳಬೇಡಿ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ, ಮಸ್ಕಿ ದಾಟಿದ ಮೇಲೆ ನಿಮಗೆ ತೂಕಡಿಕೆ ಹತ್ತುತ್ತದಲ್ಲ, ಆಗ ಬಂದು ಹೋಗುವ ಊರು.

ನನಗೆ ಇನ್ನೊಬ್ಬರ ದನಿ ತೆಗೆಯುವ ಚಟ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ ದನಿಯಲ್ಲಿ "ಲಿಂಗಸುಗೂರ್, ಹಟ್ಟಿ, ಹಟ್ಟೀ" ಎಂದು ಕೂಗಿದಾಗ ಒಬ್ಬ ಅಜ್ಜಿ ಎದುರಿಗೆ ನಿಂತಿದ್ದ ತುರ್ವಿಹಾಳದ ಬಸ್ಸು ಹತ್ತಿ ಕುಳಿತಿದ್ದಳು. ಅವಳನ್ನು ಇಳಿಸಿಕೊಳ್ಳಲು ಹೋಗಿ ನಾನೂ ಬಸ್ಸಿನೊಳಗೇ ಸಿಕ್ಕಿಕೊಂಡು, ಇಬ್ಬರೂ ಮುಂದಿನ ಊರಿನಲ್ಲಿಳಿದು ವಾಪಸು ನಡೆದು ಬಂದೆವು. ದಾರಿಯುದ್ದಕ್ಕೂ ಅವಳು ಬೈದದ್ದನ್ನು ಈಗಲೂ ಅವಳದೇ ದನಿಯಲ್ಲಿ ಹೇಳಿ ತೋರಿಸಬಲ್ಲೆ. ಈ ವಿದ್ಯೆಗೆ ಶಾಲೆ ಅಮರಪ್ಪ ಕಾಕಾನ ಕನ್ನಡಿ. ಬಜಾರಿನ ಬೇವಿನ ಮರಕ್ಕೆ ಎರಡು ಮೊಳೆ. ಒಂದಕ್ಕೆ ಕನ್ನಡಿ, ಇನ್ನೊಂದಕ್ಕೆ ಟವೆಲ್ಲು. ಕೆಳಗೆ ಕೈ ಸವೆದ ಒಂದು ಕಟ್ಟಿಗೆಯ ಕುರ್ಚಿ. ಐದನೆಯ ವಯಸ್ಸಿನಿಂದ ನಾನು ಆ ಕುರ್ಚಿಯಲ್ಲಿ ಕುಳಿತು ಊರಿನ ಮುಖಗಳನ್ನೆಲ್ಲ ಆ ಕನ್ನಡಿಯಲ್ಲಿ ಮಾಡಿ ನೋಡಿದ್ದೇನೆ. ಕಾಕಾ ಕತ್ತರಿ ನಿಲ್ಲಿಸಿ ನಗುತ್ತಿದ್ದ, ಆಮೇಲೆ ತಲೆಯನ್ನು ಗಟ್ಟಿಯಾಗಿ ಹಿಡಿದು ಹೇಳುತ್ತಿದ್ದ: "ಅಲ್ಲಾಡಬ್ಯಾಡಲೇ ಮಂಗ್ಯಾ. ಕಿವಿ ನಿಂದು, ಕತ್ತಿ ನಂದು." ನನ್ನ ಮೊದಲ ಪ್ರೇಕ್ಷಕ ಅವನೇ. ಟಿಕೆಟ್ಟಿಲ್ಲದೆ ನೋಡಿದ, ಜೊತೆಗೆ ಕ್ಷೌರವನ್ನೂ ಮಾಡಿದ.

ಹೋದ ವರ್ಷ ನಮ್ಮ ಬಜಾರ್ ರಸ್ತೆಗೆ ಹೊಸ ಜೀವ ತುಂಬುತ್ತೇವೆಂದು ಒಂದು ಕಂಪನಿ ಬಂತು. ಫುಟ್‌ಪಾತು, ದೀಪದ ಕಂಬ, ಹೂವಿನ ಕುಂಡ, ಕಲ್ಲಿನ ಬೆಂಚು. ನಾನು ಅದರಲ್ಲಿ ಗುತ್ತಿಗೆಯ ಸರ್ವೆ ಹುಡುಗ. ಕೊರಳಿಗೊಂದು ಗುರುತಿನ ಚೀಟಿ, ಕೈಯಲ್ಲೊಂದು ಟೇಪು, ತಲೆಯಲ್ಲಿ ಒಂದು ಗಾಡಿಯಷ್ಟು ಗತ್ತು. ರಸ್ತೆ ಬದಿಗೆ ಕುಳಿತು ದುಡಿಯುವವರ ಹೆಸರನ್ನೆಲ್ಲ ಪಟ್ಟಿ ಮಾಡುವುದು ನನ್ನ ಕೆಲಸ. ಪಟ್ಟಿಯಲ್ಲಿದ್ದವರಿಗೆ ಹೊಸ ರಸ್ತೆಯಲ್ಲಿ ನಂಬರು ಹಾಕಿದ ಜಾಗ, ಇಲ್ಲದವರಿಗೆ ಇಲ್ಲ. ಎಂಜಿನಿಯರ್ ಸಾಹೇಬರು ಮೂಗಿನಿಂದ ಮಾತಾಡುವವರು. "ಗದ್ದಲ ಇಲ್ಲದ ದಿನ ನೋಡಿ ಮಾಡ್ರಿ. ಕಣ್ಣಿಗೆ ಕಂಡದ್ದಷ್ಟ ಬರೀರಿ, ಕಥಿ ಬರೀಬ್ಯಾಡ್ರಿ" ಅಂದರು. ಅವರ ಬೆನ್ನ ಹಿಂದೆ ಅದೇ ಮೂಗಿನಲ್ಲಿ ಅದನ್ನೇ ಹೇಳಿ ಎಲ್ಲರನ್ನೂ ನಗಿಸಿದೆ. ನಗಿಸಿದ ಮೇಲೆ, ಅವರು ಹೇಳಿದ ಹಾಗೆಯೇ ಮಾಡಿದೆ.

ಗದ್ದಲವಿಲ್ಲದ ದಿನವೆಂದು ನಾನು ಆರಿಸಿದ್ದು ಮಂಗಳವಾರ. ಮಂಗಳವಾರ ನಮ್ಮ ಕಡೆ ಯಾರೂ ಕ್ಷೌರ ಮಾಡಿಸುವುದಿಲ್ಲ, ಮಾಡುವವರೂ ಕತ್ತಿ ಮುಟ್ಟುವುದಿಲ್ಲ. ಶಟರ್ ಇದ್ದ ಕಟಿಂಗ್ ಶಾಪುಗಳು ಮುಚ್ಚಿದ್ದರೂ ಬೋರ್ಡು ಓದಿ ಬರೆದುಕೊಂಡೆ. ಅಮರಪ್ಪ ಕಾಕಾನಿಗೆ ಬೋರ್ಡಿಲ್ಲ. ಸೋಮವಾರ ಸಂಜೆಯೇ ಕುರ್ಚಿಯನ್ನು ತಲೆಯ ಮೇಲಿಟ್ಟು, ಕನ್ನಡಿಯನ್ನು ಟವೆಲ್ಲಿನಲ್ಲಿ ಸುತ್ತಿ ಮನೆಗೆ ಒಯ್ಯುತ್ತಾನೆ. ನಾನು ಮರದ ಮುಂದೆ ನಿಂತೆ. ಇಪ್ಪತ್ತು ವರ್ಷ ತಲೆ ಬಗ್ಗಿಸಿ ಕುಳಿತ ಜಾಗ ಅದು. ಆದರೂ ಕಣ್ಣಿಗೆ ಕಂಡದ್ದಷ್ಟೇ ಬರೆಯುವ ಗತ್ತಿನಲ್ಲಿ ಬರೆದೆ: 'ಬೇವಿನ ಮರ ಒಂದು. ಮೊಳೆ ಎರಡು. ಜಾಗ ಖಾಲಿ.' ಮೊಳೆಯನ್ನೂ ಎಣಿಸಿದೆನಲ್ಲ ಎಂದು ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ತಪ್ಪು ಅಷ್ಟಕ್ಕೇ ನಿಂತಿದ್ದರೆ ಮರೆವು ಅನ್ನಬಹುದಿತ್ತು. ತಿಂಗಳಾದ ಮೇಲೆ ಊರವರನ್ನು ಕರೆದು ಸಭೆ ಮಾಡಿದರು. ಪರದೆಯ ಮೇಲೆ ಚಿತ್ರ ಬಿತ್ತು. ಬೇವಿನ ಮರದ ಕೆಳಗೆ ಕಲ್ಲಿನ ಬೆಂಚು, ಅದರ ಮೇಲೆ ದೊಡ್ಡ ಟೋಪಿಯ ಮುದುಕ, ಅವನ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ನಾಯಿ. ನಮ್ಮೂರಿನಲ್ಲಿ ನಾಯಿಯನ್ನು ಯಾರೂ ಹಾಗೆ ತಿರುಗಾಡಿಸುವುದಿಲ್ಲ; ನಾಯಿಗಳೇ ನಮ್ಮನ್ನು ಬಸ್ ಸ್ಟ್ಯಾಂಡಿನವರೆಗೆ ಓಡಿಸಿಕೊಂಡು ಹೋಗಿ ಬಿಟ್ಟು ಬರುತ್ತವೆ. ಹಿಂದಿನ ಸಾಲಿನಿಂದ ಅಮರಪ್ಪ ಕಾಕಾ ಎದ್ದು ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. "ಸಾಹೇಬ್ರ, ಎಲ್ಲಾ ಚಲೋ ಐತ್ರಿ. ಇದರಾಗ ನನ್ನ ಕುರ್ಚಿ ಎಲ್ಲಿ ಐತ್ರಿ?" ಎಂದು ಕೇಳಿದ.

ಸಾಹೇಬರು ನನ್ನ ಕಡೆ ನೋಡಿದರು. ಸಭೆಯೂ ನೋಡಿತು. 'ಸರ್, ಇವರ ಹೆಸರು ನಾನೇ ಬಿಟ್ಟಿದ್ದೇನೆ, ಸೇರಿಸಿ' ಅಂದಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾಚಿಕೆ ಗಂಟಲಿಗೆ ಬಂದಿತ್ತು; ಗಂಟಲಿಗೆ ಬಂದದ್ದನ್ನು ಇನ್ನೊಬ್ಬರ ದನಿಯಾಗಿ ಉಗುಳುವುದೇ ನನ್ನ ರೂಢಿ. ಕಾಕಾನ ಹಾಗೆ ಕತ್ತು ಓರೆ ಮಾಡಿ, ಅವನದೇ ಒಡಕು ದನಿಯಲ್ಲಿ, "ಅಲ್ಲಾಡಬ್ಯಾಡಲೇ! ಕಿವಿ ನಿಂದು, ಕತ್ತಿ ನಂದು!" ಅಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಾಕಾನೂ ನಕ್ಕ, ಸುತ್ತ ನಗುತ್ತಿದ್ದವರನ್ನು ನೋಡಿ ಸ್ವಲ್ಪ ತಡವಾಗಿ. ನಗು ನಿಲ್ಲುವ ಹೊತ್ತಿಗೆ ಚರಂಡಿಯ ಮಾತು ಶುರುವಾಗಿತ್ತು. ಅವನು ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದು, ಅಂಗಿಯ ಇಸ್ತ್ರಿ ಕೆಡದಂತೆ ಮೆಲ್ಲಗೆ ಕುಳಿತ.

ಮರುದಿನ ನಾನು ಸಾಹೇಬರ ಮುಂದೆ ನನ್ನ ಸ್ವಂತ ದನಿಯಲ್ಲಿ ನಿಂತೆ. ಆ ದನಿ ನನಗೇ ಗುರುತು ಸಿಗಲಿಲ್ಲ, ಅಷ್ಟು ಸಣ್ಣಗಿತ್ತು. "ಸರ್, ಒಂದು ಹೆಸರು ಬಿಟ್ಟುಹೋಗಿದೆ."

"ಸಭಾದಾಗ ಯಾಕ ಹೇಳಲಿಲ್ಲ?" ಅಂದರು ಸಾಹೇಬರು. "ಆಕ್ಷೇಪ ಇಲ್ಲ ಅಂತ ಬರದು ಎಲ್ಲಾರೂ ಸಹಿ ಮಾಡ್ಯಾರ. ಫೈಲು ಮ್ಯಾಗ ಹೋಗೇತಿ. ನೀನ ನಿಂತು ನಗಿಸಿದಿ, ಈಗ ನೀನ ಬಂದು ಅಳಾಕತ್ತೀಯಲ್ಲ?" ಮೂರು ಸಲ ಅರ್ಜಿ ಬರೆದುಕೊಟ್ಟೆ. ಮೂರಕ್ಕೂ ಸ್ವೀಕೃತಿಯ ಮೊಹರು ಬಿತ್ತು. ಮೊಹರಿಗಿಂತ ಹೆಚ್ಚಿನದು ಏನೂ ಬೀಳಲಿಲ್ಲ.

ಮೊನ್ನೆ ಬುಧವಾರ ಬೆಳಿಗ್ಗೆ ಮರದ ಸುತ್ತ ಸುಣ್ಣದ ಗೆರೆ ಹಾಕಿದ್ದರು. ಮರುದಿನದಿಂದ ಬೆಂಚಿನ ಕೆಲಸ. ಗೆರೆಯ ಒಳಗೆ ಕುರ್ಚಿ ಇನ್ನೂ ಇತ್ತು, ಕನ್ನಡಿಯೂ ಇತ್ತು. ವಾರದ ಗಡ್ಡ ಹೊತ್ತುಕೊಂಡು ಹೋಗಿ ಕುಳಿತೆ. ಕಾಕಾ ಟವೆಲ್ಲು ಹೊದಿಸಿದ, ಒಂದು ಗಲ್ಲಕ್ಕೆ ಸಾಬೂನು ಹಚ್ಚಿದ. ಕನ್ನಡಿಯಲ್ಲಿ ಯಾರ ಮುಖವನ್ನಾದರೂ ಮಾಡಿ ಅವನನ್ನು ನಗಿಸೋಣವೆಂದು ನೋಡಿದೆ. ಅರ್ಧ ನೊರೆ ಮೆತ್ತಿದ ನನ್ನ ಮುಖ ಬಿಟ್ಟರೆ ಬೇರೆ ಯಾವುದೂ ಬರಲಿಲ್ಲ.

"ಕಾಕಾ, ಇನ್ನೊಂದು ಅರ್ಜಿ ಕೊಡ್ತೀನಿ. ರಾಯಚೂರಿಗೆ ಹೋಗಿ ಬರ್ತೀನಿ," ಅಂದೆ.

ಅವನ ಕೈ ನಿಂತಿತು. "ಇವತ್ತ ಯಾ ವಾರಲೇ?"

"ಬುಧವಾರ, ಕಾಕಾ."

ಅವನು ಕತ್ತಿ ಮಡಚಿ ಡಬ್ಬಿಯೊಳಗಿಟ್ಟ. ಮೊಳೆಯಿಂದ ಕನ್ನಡಿ ಇಳಿಸಿದ. ನನ್ನ ಕೊರಳಿನ ಟವೆಲ್ಲು ಬಿಚ್ಚಿ, ಅದರಲ್ಲೇ ಕನ್ನಡಿ ಸುತ್ತುತ್ತಾ ಹೇಳಿದ:

"ಅದು ಕ್ಯಾಲೆಂಡರದಾಗ. ನೀ ಬರದ ಕಾಗದದಾಗ ನನಗ ದಿನಾ ಮಂಗಳವಾರ. ಮಂಗಳವಾರ ನಾ ಕತ್ತಿ ಹಿಡಿಯಂಗಿಲ್ಲ. ಏಳು."