ಗುವಾಹಟಿ ಮೂರೇ ತಾಸು

ದಾವಣಗೆರೆಯಲ್ಲಿ ವಿಮಾನ ಇಳಿಯುವುದಿಲ್ಲ, ಆದರೂ ಬಸ್ ಸ್ಟ್ಯಾಂಡ್ ಹತ್ತಿರದ ನನ್ನ ಅಂಗಡಿಗೆ ವಿಮಾನದ ಟಿಕೆಟ್ ಕೇಳಿಕೊಂಡು ದಿನಾ ಜನ ಬರುತ್ತಾರೆ. ಬಂದವರು ಟಿಕೆಟ್ ಒಯ್ದು, ನನಗೆ ನಗುವುದಕ್ಕೆ ಏನಾದರೂ ಬಿಟ್ಟು ಹೋಗುತ್ತಾರೆ. ಭಾನುವಳ್ಳಿಯ ಆ ಗಂಡ ಹೆಂಡತಿಯಂತೂ ಮೂರು ಸಲ ಬಿಟ್ಟು ಹೋದರು.

ದೂರ

ಅವರ ಮಗಳು ಗುವಾಹಟಿಯಲ್ಲಿದ್ದಳು, ಅಳಿಯ ಮಿಲಿಟರಿಯವ. ಅವಳಿಗೆ ದಿನ ತುಂಬಿತ್ತು. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಬಾಣಂತನಕ್ಕೆ ತವರೇ ಅಲ್ಲಿಗೆ ಹೊರಟಿತ್ತು. ಹೆರಿಗೆಗೆ ಮುಂಚೆ ಮುಟ್ಟಬೇಕು ಎನ್ನುವುದೊಂದೇ ಆ ತಾಯಿಯ ಚಿಂತೆ.

"ಎಷ್ಟು ದೂರ ಐತ್ರಿ ಅಣ್ಣ?"

"ಬೆಂಗಳೂರಿಂದ ಎರಡು ಸಾವಿರ ಕಿಲೋಮೀಟರ್ ಮೇಲೈತಮ್ಮ. ವಿಮಾನದಾಗೆ ಮೂರು ತಾಸು."

ಆಕೆ ಗಂಡನ ಕಡೆ ಕೆಂಗಣ್ಣು ಬಿಟ್ಟರು. "ಮಲೆಬೆನ್ನೂರಿಗೆ ನಮ್ ತಂಗಿ ಮನಿಗೆ ಹೋಗಿಬರಾಕೂ ಅಷ್ಟೇ ಹೊತ್ತು ಬೇಕು. ಇಷ್ಟು ಹತ್ರ ಅಂತ ಮೊದ್ಲೇ ಹೇಳಿದ್ರೆ ಮದ್ವಿ ದಿನ ನಾನು ಅಷ್ಟು ಅಳ್ತಿದ್ನಾ?"

ರಾಹುಕಾಲ

ಟಿಕೆಟ್ ಸಿಕ್ಕಿದ್ದು ಭಾನುವಾರ ಸಂಜೆ ಐದರ ವಿಮಾನಕ್ಕೆ. ಯಜಮಾನರು ಕ್ಯಾಲೆಂಡರ್ ನೋಡಿ ಹೌಹಾರಿದರು. "ರಾಹುಕಾಲ ಐತ್ರಿ! ಒಂದು ತಾಸು ತಡ ಮಾಡಾಕೆ ಹೇಳ್ರಿ."

ಬೇರೆ ದಿನಕ್ಕೆ ಸೀಟಿರಲಿಲ್ಲ. ಸಮಾಧಾನ ಮಾಡೋಣವೆಂದು ನಾನು ಜಾಣತನ ತೋರಿಸಿದೆ: "ಗುವಾಹಟಿ ಮೂಡಲಕ್ಕೈತಿ. ಅಲ್ಲಿ ಸೂರ್ಯ ಬೇಗ ಹುಟ್ತಾನೆ, ರಾಹುಕಾಲನೂ ಬೇಗ ಮುಗೀತೈತಿ."

ಅವರು ಬೆರಳಲ್ಲಿ ದಿಕ್ಕು ತೋರಿಸಿ ಲೆಕ್ಕ ಹಾಕಿದರು. "ಅಂದ್ರೆ ಅಲ್ಲಿ ಮುಗಿಸ್ಕೊಂಡು ನಮ್ ಕಡಿಗೆ ಬರ್ತಿರ್ತೈತಿ. ನಾವು ಆ ಕಡಿಗೆ ಹೋಗ್ತೀವಿ. ನಡುದಾರಿಯಾಗೆ ಎದುರಿಗೇ ಸಿಗ್ತೈತಲ್ರೀ!"

ಚೀಲ

ಕೊನೆಗೆ ದಾರಿ ಹುಡುಕಿದವರು ಹೆಂಡತಿ. ಒಳ್ಳೆಯ ಗಳಿಗೆಯಲ್ಲಿ ಚೀಲವೊಂದನ್ನು ಬೇರೆ ಕಡೆ ಇಟ್ಟುಬಿಟ್ಟರೆ ಪಯಣ ಆಗಲೇ ಶುರುವಾದ ಲೆಕ್ಕ. ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ. ಶನಿವಾರವೇ ಕೂಸಿನ ಬಟ್ಟೆ, ಬಾಣಂತಿಗೆ ಅಂಟಿನುಂಡೆ ತುಂಬಿದ ಚೀಲವನ್ನು ನನ್ನ ಅಂಗಡಿಯಲ್ಲಿಟ್ಟು ಕೈಮುಗಿದು ಹೋದರು. ಮರುದಿನ ದಾವಣಗೆರೆಗೆ ಬಂದು, ಅದನ್ನು ತಗೊಂಡು ಬೆಂಗಳೂರು ಬಸ್ಸು ಹತ್ತುವುದೆಂದು ಮಾತಾಗಿತ್ತು.

ಮರುದಿನ ಬೆಳಿಗ್ಗೆ ಕಾದೆ. ಯಾರೂ ಬರಲಿಲ್ಲ. ಕೊನೆಗೆ ಫೋನ್ ಬಂತು, ಚಿತ್ರದುರ್ಗದ ಹತ್ತಿರದಿಂದ. ಹರಿಹರದಲ್ಲೇ ಬೆಂಗಳೂರು ಬಸ್ಸಿನಲ್ಲಿ ಸೀಟು ಸಿಕ್ಕ ಖುಷಿಗೆ ಹತ್ತಿ ಕೂತಿದ್ದರು, ಬಸ್ಸು ಬೈಪಾಸಿನಲ್ಲಿ ದಾವಣಗೆರೆ ದಾಟಿಬಿಟ್ಟಿತ್ತು.

"ಇಳಿದು ವಾಪಸ್ ಬರ್ತೀವ್ರಿ," ಎಂದರು ಯಜಮಾನರು. "ಚೀಲ ಇಲ್ಲಂದ್ರೆ ನಾವು ರಾಹುಕಾಲದಾಗೇ ಹೊಂಟಂಗಾತು!"

ವಾಪಸ್ ಬಂದರೆ ವಿಮಾನ ತಪ್ಪುತ್ತಿತ್ತು. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ಫೋನ್ ಕಿತ್ತುಕೊಂಡಿರಬೇಕು. "ಇವ್ರು ಬೇಕಾದ್ರೆ ಇಳೀಲಿ, ನಾನು ಮಗಳ ಹತ್ರ ಹೋಗಾಕಿ. ಚೀಲ ಕೊರಿಯರ್ ಮಾಡ್ರಿ ಅಣ್ಣ!"

ಸೋಮವಾರ ಚೀಲ ಕಳಿಸಿದೆ. ಬುಧವಾರ ಆಕೆಯದೇ ಫೋನ್. ಹಿಂದೆ ಕೂಸಿನ ಅಳು ಕೇಳಿ ನನಗೂ ಕಣ್ಣು ತುಂಬಿತು.

"ಮೊಮ್ಮಗಳು ಹುಟ್ಟ್ಯಾಳ್ರಿ ಅಣ್ಣ! ನಾನು ಮುಟ್ಟಿದ ಮ್ಯಾಲೇ ಹುಟ್ಟ್ಯಾಳ. ರಾಹುಕಾಲದಾಗೆ ಹೊಂಟೋರು ನಾವು ಸುಖವಾಗಿ ಬಂದ್ವಿ. ಒಳ್ಳೆ ಗಳಿಗೆ ನೋಡಿ ಹೊಂಟಿದ್ದ ಚೀಲನೇ ಇನ್ನೂ ಬಂದಿಲ್ಲ!"